ಅಪೀಲಿನ ವಕೀಲ

ವ್ಯಾಜ್ಯದಲ್ಲಿ ಗೆದ್ದವನಿಗೆ ಊರೆಲ್ಲ ನೆಂಟರು. ಸೋತವನಿಗೆ ಊರೆಲ್ಲ ವಕೀಲರು. ತೀರ್ಪು ಹೊರಬಿದ್ದ ದಿನದ ಸಂಜೆ ಕಟ್ಟೆಯ ಮೇಲೆ ಕುಳಿತ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ‘ಮೇಲಿನ ಕೋರ್ಟಿಗೆ ಹೋಗು’ ಎನ್ನುವರು. ಹತ್ತನೆಯವನು ವಕೀಲರೊಬ್ಬರ ಹೆಸರನ್ನೇ ಹೇಳಿಬಿಡುವನು. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯು ಎಲ್ಲರಿಗೂ ತಿಳಿದಿದ್ದರೂ ಆ ಹೊತ್ತಿನಲ್ಲಿ ಅದನ್ನು ನೆನೆಯುವವರು ವಿರಳ. ಪೂರಾ ಗೆದ್ದವನ ಮನಸ್ಸೂ ಪೂರಾ ಸೋತವನ ಮನಸ್ಸೂ ಹೇಗೋ ಒಂದು ನೆಲೆಗೆ ಬಂದು ನಿಲ್ಲುವುವು. ಅರ್ಧ ಗೆದ್ದು ಅರ್ಧ ಸೋತವನ ಮನಸ್ಸಿಗೆ ಮಾತ್ರ ನೆಮ್ಮದಿಯಿಲ್ಲ. ಸರಕಾರವು ತೆಗೆದುಕೊಂಡ ಭೂಮಿಯ ಬೆಲೆಗಾಗಿ ನ್ಯಾಯಾಲಯದ ಮೆಟ್ಟಿಲನ್ನೇರಿದ ರೈತನು ಸಾಮಾನ್ಯವಾಗಿ ಈ ಮೂರನೆಯ ಗುಂಪಿಗೆ ಸೇರಿದವನು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿಯಲ್ಲಿ ಭೂಮಿಯ ಬೆಲೆಯ ಮಾತು ಮನೆಮನೆಯ ಮಾತಾಗಿದೆ. ಊರು ಬಹು ಪ್ರಾಚೀನವಾದುದು. ಅದರ ಸಮೀಪದ ಬೂದಿದಿಬ್ಬವು ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ಸುಟ್ಟು ಬಿಟ್ಟುಹೋದ ರಾಶಿಯೆಂದು ಪುರಾತತ್ತ್ವಜ್ಞರು ತೀರ್ಮಾನಿಸಿರುವರು. ಸಾವಿರಾರು ವರ್ಷಗಳಿಂದ ದನವನ್ನೂ ನೆಲವನ್ನೂ ನಂಬಿ ಬಾಳಿದ ಈ ಸೀಮೆಗೆ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಬಂದಿತು. 2010ರಲ್ಲಿ ಆರ್ಸೆಲರ್ ಮಿತ್ತಲ್ ಸಂಸ್ಥೆಯು ವರ್ಷಕ್ಕೆ 60 ಲಕ್ಷ ಟನ್ನು ಉಕ್ಕನ್ನು ತಯಾರಿಸುವ ಕಾರ್ಖಾನೆಗಾಗಿ ರಾಜ್ಯಸರಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ಇದಕ್ಕೂ ಇಂತಹ ಬೇರೆ ಉದ್ಯಮಗಳಿಗೂ ಕುಡತಿನಿಯ ಸುತ್ತಮುತ್ತ ಸಾವಿರಾರು ಎಕರೆ ಜಮೀನನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸ್ವಾಧೀನಪಡಿಸಿಕೊಳ್ಳಲಾಯಿತು. ವರ್ಷಗಳು ಉರುಳಿದರೂ ಆ ಉಕ್ಕಿನ ಕಾರ್ಖಾನೆ ಏಳಲಿಲ್ಲ. ಕೊಟ್ಟ ಪರಿಹಾರವು ಅನ್ಯಾಯವಾದುದೆಂದು 2022ರ ಡಿಸೆಂಬರಿನಲ್ಲಿ ರೈತರು ಕುಡತಿನಿಯಲ್ಲಿ ಅನಿರ್ದಿಷ್ಟ ಕಾಲದ ಧರಣಿಗೆ ಕುಳಿತರು. ಧರಣಿಯು ಒಂದು ದಾರಿ, ನ್ಯಾಯಾಲಯವು ಇನ್ನೊಂದು. ಮೊದಲನೆಯದರಲ್ಲಿ ಊರೆಲ್ಲ ಒಟ್ಟಾಗಿ ಕುಳಿತುಕೊಳ್ಳಬಹುದು. ಎರಡನೆಯದರಲ್ಲಿ ಪ್ರತಿಯೊಂದು ಮನೆಯೂ ತನ್ನ ಕಾಗದದ ಗಂಟನ್ನು ತಾನೇ ಹೊರಬೇಕು.

ಈ ಎರಡನೆಯ ದಾರಿಯ ಕ್ರಮವು ಹೀಗಿದೆ. ಸ್ವಾಧೀನಾಧಿಕಾರಿಯು ಮೊದಲು ಬೆಲೆ ಕಟ್ಟುವನು. ಅದು ಸಾಲದೆಂದು ತೋರಿದವನು ತನ್ನ ವಿಷಯವನ್ನು ಸಿವಿಲ್ ನ್ಯಾಯಾಲಯದ ನಿರ್ಣಯಕ್ಕೆ ಕಳುಹಿಸಬೇಕೆಂದು ಗೊತ್ತಾದ ವಾಯಿದೆಯೊಳಗೆ ಬರೆದು ಕೇಳಬೇಕು. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಇದು 18ನೆಯ ಕಲಮು. ಈ ಮೊದಲ ಮೆಟ್ಟಿಲಿನಲ್ಲಿ ರೈತನಿಗೆ ಭಯವಿಲ್ಲ. ಏಕೆಂದರೆ 1984ರ ತಿದ್ದುಪಡಿಯಾದ ಮೇಲೆ ನ್ಯಾಯಾಲಯವು ಅಧಿಕಾರಿಯು ಕಟ್ಟಿದ ಬೆಲೆಯನ್ನು ಹೆಚ್ಚಿಸಬಹುದೇ ಹೊರತು ತಗ್ಗಿಸುವಂತಿಲ್ಲ. ‘ಬಂದರೆ ಬೆಟ್ಟ, ಹೋದರೆ ಕೂದಲು’ ಎನ್ನುವ ಧೈರ್ಯ ಇಲ್ಲಿಗೆ ಸಲ್ಲುವುದು. ಎರಡನೆಯ ಮೆಟ್ಟಿಲಿನಲ್ಲಿ ಆ ಧೈರ್ಯಕ್ಕೆ ಆಧಾರವಿಲ್ಲ. ನ್ಯಾಯಾಲಯವು ಹೆಚ್ಚಿಸಿದ್ದು ಸಾಲದೆಂದು ರೈತನು ಹೇಗೆ ಅಪೀಲು ಹೋಗಬಹುದೋ ಹಾಗೆಯೇ ಅದು ಅತಿಯಾಯಿತೆಂದು ಸರಕಾರವೂ ಹೋಗಬಹುದು. ಕೈಗೆ ಬಂದ ಏರಿಕೆಯು ಕರಗುವ ಸಂಭವ ಅಲ್ಲಿಂದ ಮೊದಲಾಗುವುದು.

ಐದೆಕರೆ ಎರೆಭೂಮಿಯನ್ನು ಕಳೆದುಕೊಂಡ ಗೃಹಸ್ಥನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಜೋಳ, ಹತ್ತಿ ಬೆಳೆದ ಹೊಲ. ಅವನು ಕೇಳಿದ್ದು ಹತ್ತು ಪಾಲಾದರೆ ನ್ಯಾಯಾಲಯವು ಕೊಟ್ಟದ್ದು ಆರು ಪಾಲು. ತೀರ್ಪಿನ ಸುದ್ದಿ ಮನೆಗೆ ಬರುತ್ತಲೇ ಮನೆಯು ಮೂರು ಪಕ್ಷವಾಗುವುದು. ಪಟ್ಟಣದಲ್ಲಿ ಓದಿದ ಮಗನಿಗೆ ಅಪೀಲು ಮಾನದ ಪ್ರಶ್ನೆ. ಹೆಂಡತಿಗೆ, ಬಂದಷ್ಟು ಹಣವನ್ನು ತೆಗೆದುಕೊಂಡು ಸಿರುಗುಪ್ಪದ ಕಡೆ ಕಾಲುವೆಯ ಕೆಳಗೆ ಒಂದೆರಡು ಎಕರೆಯನ್ನಾದರೂ ಕೊಂಡರೆ ಮಕ್ಕಳು ನೆಲವಿಲ್ಲದವರಾಗುವುದಿಲ್ಲವೆಂಬ ಯೋಚನೆ. ಮುದುಕಿಯಾದ ತಾಯಿ ಮಾತ್ರ, ‘ಯಪ್ಪಾ, ನಿಮ್ಮಪ್ಪ ಉತ್ತ ಹೊಲ ಇಷ್ಟಕ್ಕೇನೋ?’ ಎಂದು ಒಂದೇ ಮಾತು ಕೇಳುವಳು. ಆ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಯಾವ ನ್ಯಾಯಪೀಠಕ್ಕೂ ಇಲ್ಲ. ನ್ಯಾಯಪೀಠವು ಹೇಳತಕ್ಕದ್ದು ಪ್ರಾಥಮಿಕ ಅಧಿಸೂಚನೆಯ ದಿನದಲ್ಲಿ ಅಂತಹ ನೆಲಕ್ಕೆ ಪೇಟೆಯಲ್ಲಿದ್ದ ಬೆಲೆಯನ್ನು ಮಾತ್ರ. ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸುವವನೇ ನಿಜವಾದ ಅಪೀಲಿನ ವಕೀಲನು.

ಕೆಳಗಿನ ತೀರ್ಪನ್ನು ಮೇಲೆ ಪ್ರಶ್ನಿಸುವ ಪದ್ಧತಿಯು ಇಂಗ್ಲಿಷರಿಂದ ಬಂದುದೆಂದು ಕೆಲವರು ತಿಳಿದಿರುವುದುಂಟು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಕುಲ, ಶ್ರೇಣಿ, ಪೂಗ, ರಾಜನಿಯುಕ್ತರಾದ ಅಧಿಕೃತರು ಎಂಬ ನ್ಯಾಯಸ್ಥಾನಗಳು ಒಂದಕ್ಕಿಂತ ಒಂದು ಹಿರಿದಾಗಿ ಹೇಳಲ್ಪಟ್ಟಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಕೆಳಗಿನ ಸ್ಥಾನದ ನಿರ್ಣಯದಿಂದ ತೃಪ್ತನಾಗದವನು ಮೇಲಿನದಕ್ಕೆ ಹೋಗಬಹುದೆಂಬುದನ್ನು ವಿವರಿಸಿದನು. ಆದರೆ ಸ್ಮೃತಿಕಾರರು ಒಂದು ಬೇಲಿಯನ್ನೂ ಹಾಕಿದ್ದರು. ನ್ಯಾಯವಾಗಿ ಸೋತರೂ ತಾನು ಸೋತಿಲ್ಲವೆಂದು ಬಗೆದು ಮತ್ತೆ ಬಂದವನು ಪುನಃ ಸೋತರೆ ಅವನಿಗೆ ಇಮ್ಮಡಿ ದಂಡ. ವ್ಯವಹಾರವನ್ನು ಕೆಟ್ಟದಾಗಿ ನೋಡಿದ ಸಭ್ಯರಿಗೂ, ಅದರಿಂದ ಗೆದ್ದವನಿಗೂ, ಪುನರ್ವಿಚಾರಣೆಯಲ್ಲಿ ತಪ್ಪು ತೋರಿದರೆ ಅಂತಹದೇ ದಂಡ. ಈಗ ಆ ಇಮ್ಮಡಿ ದಂಡವಿಲ್ಲ. ಕೋರ್ಟು ಶುಲ್ಕ, ವಕೀಲರ ಫೀಸು, ದಾರಿಯ ಖರ್ಚು, ಕಳೆದ ವರ್ಷಗಳು ಎಂಬ ನಾಲ್ಕು ಹೆಸರಿನಲ್ಲಿ ಅದೇ ದಂಡವನ್ನು ಅಪೀಲುದಾರನು ಮುಂಗಡವಾಗಿಯೇ ತೆರುವನು.

ಬಳ್ಳಾರಿಯವರ ಅಪೀಲಿನ ದಾರಿಯು ಕಾಲಕಾಲಕ್ಕೆ ದಿಕ್ಕು ಬದಲಿಸಿದೆ. ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ ಕಾಗದಗಳು ಮದರಾಸಿಗೆ ಹೋಗುತ್ತಿದ್ದವು; ಅಲ್ಲಿ 1862ರಲ್ಲಿ ಹೈಕೋರ್ಟು ಸ್ಥಾಪಿತವಾಯಿತು. ಅದಕ್ಕೂ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲು. ಅದರ ಅಧಿಕಾರವು 1949ರಲ್ಲಿ ಮುಗಿದು, 1950ರ ಜನವರಿಯಿಂದ ದಿಲ್ಲಿಯ ಸುಪ್ರೀಂ ಕೋರ್ಟು ಆ ಸ್ಥಾನಕ್ಕೆ ಬಂದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ದಾರಿ ಬೆಂಗಳೂರಿಗೆ ತಿರುಗಿತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠವು ಆರಂಭವಾಗಿ, 2013ರಲ್ಲಿ ಅದು ಸ್ಥಾಯಿಯಾಯಿತು. ಈಗ ಕುಡತಿನಿಯ ಅಪೀಲುದಾರನು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳ ಮೇಲೆ ಹಾದು ಧಾರವಾಡಕ್ಕೆ ಹೋಗುವನು. ದಾರಿಯೇನೋ ಹತ್ತಿರವಾಯಿತು, ಆದರೆ ವಕೀಲರನ್ನು ಆರಿಸುವ ಕಷ್ಟ ಹತ್ತಿರವಾದುದರಿಂದ ತೀರಲಿಲ್ಲ.

ವಕೀಲನೆಂದರೆ ಚೆನ್ನಾಗಿ ಮಾತನಾಡುವವನು ಎಂಬ ಭಾವನೆ ಬಳ್ಳಾರಿಯ ಸೀಮೆಯಲ್ಲಿ ಬಲವಾಗಿದ್ದರೆ ಆಶ್ಚರ್ಯವಿಲ್ಲ. ನಾಟಕಕಾರರಾದ ಧರ್ಮವರಂ ಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ಅಲ್ಲಿಯ ವಕೀಲರು. ನಟಶ್ರೇಷ್ಠ ಬಳ್ಳಾರಿ ರಾಘವರೂ (1880–1946) ವಕೀಲರೇ. ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸಿದಾಗ ದನಿಯ ಏರಿಳಿತಕ್ಕೂ ಸಮಯಸ್ಫೂರ್ತಿಗೂ ಬೆಲೆಯುಂಟು. ಅಪೀಲಿನಲ್ಲಿ ಸಾಕ್ಷಿಯ ಕಟಕಟೆಯು ಬರಿದಾಗಿರುವುದು. ಅಲ್ಲಿ ಮಾತನಾಡುವುದು ಕೆಳಗಿನ ನ್ಯಾಯಾಲಯದ ಕಡತ. ಕಡತದಲ್ಲಿಲ್ಲದ ಮಾತನ್ನು ಎಷ್ಟು ಸೊಗಸಾಗಿ ಆಡಿದರೂ ಅದು ನ್ಯಾಯಾಧೀಶರ ಕಿವಿಗೆ ಬಿದ್ದು ಅಲ್ಲಿಯೇ ಉಳಿಯುವುದು, ತೀರ್ಪಿನೊಳಗೆ ಸೇರದು.

ಅಪೀಲೆಂದರೆ ಮೊಕದ್ದಮೆಯನ್ನು ಮೊದಲಿನಿಂದ ನಡೆಸುವುದಲ್ಲವೆಂಬ ಒಂದು ತತ್ತ್ವವು ತಿಳಿದಿದ್ದರೆ ಕಕ್ಷಿಗಾರನ ಅರ್ಧ ದುಃಖ ತಪ್ಪುವುದು. ‘ಪಕ್ಕದ ಹೊಲವು ದುಪ್ಪಟ್ಟು ಬೆಲೆಗೆ ಹೋಗಿತ್ತು, ಎಲ್ಲರಿಗೂ ಗೊತ್ತು’ ಎಂದು ಗೃಹಸ್ಥನು ಹೇಳುವನು. ಎಲ್ಲರಿಗೂ ಗೊತ್ತಿದ್ದುದು ನ್ಯಾಯಾಲಯಕ್ಕೆ ಗೊತ್ತಾದುದೇ ಎಂಬುದು ಪ್ರಶ್ನೆ. ಆ ಕ್ರಯಪತ್ರದ ನಕಲು ಕಡತದಲ್ಲಿದೆಯೆ? ಅದು ಅಧಿಸೂಚನೆಗೆ ಮುಂಚಿನದೆ, ಸ್ವಾಧೀನದ ಸುದ್ದಿ ಹಬ್ಬಿ ಬೆಲೆ ಉಬ್ಬಿದ ಮೇಲಿನದೆ? ಐದು ಗುಂಟೆಯ ನಿವೇಶನವೋ, ಐದೆಕರೆಯ ಹೊಲವೋ? ಚಿಕ್ಕ ತುಂಡಿನ ಬೆಲೆಯಿಂದ ದೊಡ್ಡ ವಿಸ್ತಾರದ ಬೆಲೆಯನ್ನು ಅಳೆಯುವಾಗ ನ್ಯಾಯಾಲಯಗಳು ಕಡಿತವನ್ನು ಮಾಡುವುವು. ಸುಪ್ರೀಂ ಕೋರ್ಟು 1988ರಲ್ಲಿ ಚಿಮನಲಾಲ್ ಹರಗೋವಿಂದದಾಸರ ಮೊಕದ್ದಮೆಯಲ್ಲಿ ಈ ಅಳತೆಯ ಸೂತ್ರಗಳನ್ನು ಒಂದೊಂದಾಗಿ ಎಣಿಸಿ ಹೇಳಿದೆ. ಕೆಳಗೆ ಹಾಜರುಪಡಿಸದ ಕಾಗದವನ್ನು ಮೇಲೆ ಹಾಜರುಪಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆರ್ಡರಿನ 27ನೆಯ ನಿಯಮವು ಬಾಗಿಲನ್ನು ತೆರೆದಿದೆಯಾದರೂ ಆ ಬಾಗಿಲು ಬಹಳ ಕಿರಿದು. ಕೆಳಗಿನ ನ್ಯಾಯಾಲಯವು ತೆಗೆದುಕೊಳ್ಳಬೇಕಾಗಿದ್ದ ಸಾಕ್ಷ್ಯವನ್ನು ನಿರಾಕರಿಸಿರಬೇಕು. ಇಲ್ಲವೆ ಎಷ್ಟು ಎಚ್ಚರಿಕೆಯಿಂದಿದ್ದರೂ ಆಗ ಅದು ದೊರೆಯದೆ ಇದ್ದಿರಬೇಕು. ಇಲ್ಲವೆ ತೀರ್ಪು ಕೊಡಲು ಮೇಲಿನ ನ್ಯಾಯಾಲಯಕ್ಕೇ ಅದು ಬೇಕೆಂದು ಕಾಣಬೇಕು. ‘ಆಗ ತೋಚಲಿಲ್ಲ’ ಎಂಬುದು ಈ ಮೂರರಲ್ಲಿ ಯಾವುದೂ ಅಲ್ಲ.

ಆದುದರಿಂದ ವಕೀಲರ ಪರೀಕ್ಷೆಯು ಮೊದಲ ಭೇಟಿಯಲ್ಲಿಯೇ ಆಗಿಹೋಗುವುದು. ‘ಸ್ವಾಮೀ, ಗೆಲ್ಲುತ್ತೇವೆಯೆ?’ ಎಂದು ಕಕ್ಷಿಗಾರನು ಕೇಳುವನು. ‘ಅದಕ್ಕೇನು ಸಂದೇಹ, ಯಜಮಾನರೇ!’ ಎಂದು ಕೂಡಲೇ ಉತ್ತರ ಬಂದರೆ ಅಲ್ಲಿಂದ ಏಳುವುದೇ ಲೇಸು. ಬಂದ ದಾರಿಗೆ ಸುಂಕವಿಲ್ಲ. ‘ತೀರ್ಪಿನ ನಕಲು ತಂದಿರಾ? ಸಾಕ್ಷಿಗಳ ಹೇಳಿಕೆ ಎಲ್ಲಿ? ಗುರುತು ಹಾಕಿದ ದಸ್ತಾವೇಜುಗಳ ಪಟ್ಟಿ ಎಲ್ಲಿ? ನೀವು ಕೊಟ್ಟ ಯಾವ ಕಾಗದವನ್ನು ನ್ಯಾಯಾಧೀಶರು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ?’ ಎಂದು ಕೇಳುವವರು ದೊರೆತರೆ, ಅವರ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳಬೇಕು. ಕಡತವನ್ನು ಓದಲು ಒಂದು ವಾರ ಬೇಕೆಂದು ಹೇಳುವ ವಕೀಲರು ವಿಳಂಬ ಮಾಡುತ್ತಿರುವರೆಂದು ಎಣಿಸಕೂಡದು. ಆ ವಾರವೇ ಅವರ ಕೆಲಸದ ಮುಖ್ಯ ಭಾಗ.

ಆದರೆ ಒಂದು ವಾರ ಕಾಯಬಹುದು, ಒಂದು ವರ್ಷ ಕಾಯಲಾಗದು. 1963ರ ಕಾಲಮಿತಿ ಕಾಯಿದೆಯಂತೆ ಡಿಕ್ರಿಯ ಮೇಲೆ ಹೈಕೋರ್ಟಿಗೆ ಹೋಗುವ ಸಿವಿಲ್ ಅಪೀಲಿಗೆ 90 ದಿನ, ಇತರ ನ್ಯಾಯಾಲಯಕ್ಕೆ ಹೋಗುವುದಕ್ಕೆ 30 ದಿನ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯಲ್ಲಿ ಹೈಕೋರ್ಟಿನ ಅಪೀಲಿಗೆ 60 ದಿನ ಮಾತ್ರ. ಸಕಾರಣವಿದ್ದರೆ ಮತ್ತೆ 60 ದಿನ. ತನಗೆ ಯಾವ ಕಾಯಿದೆ, ಯಾವ ನ್ಯಾಯಾಲಯ, ಎಷ್ಟು ದಿನ ಎಂಬುದನ್ನು ಕಕ್ಷಿಗಾರನು ಮೊದಲ ದಿನವೇ ಕೇಳಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಬೇಕು. ತೀರ್ಪಿನ ದೃಢೀಕೃತ ನಕಲನ್ನು ಪಡೆಯಲು ಹಿಡಿದ ಕಾಲವನ್ನು ಲೆಕ್ಕದಿಂದ ಬಿಡುವರಾದರೂ, ನಕಲಿಗೆ ಅರ್ಜಿಯನ್ನೇ ಹಾಕದೆ ಕುಳಿತ ಕಾಲವನ್ನು ಬಿಡುವುದಿಲ್ಲ. ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳುವ ಅವಕಾಶವುಂಟು. 1987ರಲ್ಲಿ ಅನಂತನಾಗ್ ಜಿಲ್ಲೆಯ ಒಂದು ಭೂಸ್ವಾಧೀನದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು ಇಂತಹ ತಡವನ್ನು ಉದಾರವಾಗಿ ನೋಡಬೇಕೆಂದಿತು. ಅಲ್ಲಿ ತಡವಾಗಿದ್ದುದು ನಾಲ್ಕೇ ದಿನ, ತಡಮಾಡಿದ್ದುದು ಸರಕಾರ. ಆ ಔದಾರ್ಯವನ್ನು ನಂಬಿ ನಿದ್ರಿಸುವುದು ವಿವೇಕವಲ್ಲ.

ಬಳ್ಳಾರಿಯ ವಕೀಲರೋ, ಧಾರವಾಡದ ವಕೀಲರೋ ಎಂಬುದು ಮುಂದಿನ ಪ್ರಶ್ನೆ. ಕೆಳಗೆ ಮೊಕದ್ದಮೆಯನ್ನು ನಡೆಸಿದವರಿಗೆ ಹೊಲದ ಎಲ್ಲೆಯೂ ಸಾಕ್ಷಿಯ ಸ್ವಭಾವವೂ ಗೊತ್ತು. ಆದರೆ ತಾವು ಮಾಡಿದ ಕೆಲಸದ ದೋಷವು ತಮಗೆ ಕಾಣುವುದು ಯಾರಿಗೂ ಕಷ್ಟ. ಹೊಸಬರು ಕಡತವನ್ನು ಹೊಸ ಕಣ್ಣಿನಿಂದ ಓದುವರು. ಆದರೆ ಕಡತದ ಹೊರಗಿನ ಸಂಗತಿಯನ್ನರಿಯರು. ಇಬ್ಬರನ್ನೂ ಒಂದು ಸಲವಾದರೂ ಪರಸ್ಪರ ಮಾತನಾಡಿಸಿದ ಕಕ್ಷಿಗಾರನು ಬುದ್ಧಿವಂತ. ಹಿಂದಿನ ವಕೀಲರಲ್ಲಿ ಫೀಸಿನ ಬಾಕಿಯಿದ್ದರೆ ಕಾಗದಗಳು ಸಿಕ್ಕಿಬೀಳುವುದೆಂದು ಹೆದರುವವರುಂಟು. ಫೀಸಿಗಾಗಿ ಕಕ್ಷಿಗಾರನ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಬಾಕಿಯನ್ನು ತೀರಿಸಬೇಕಾದುದು ಧರ್ಮ. ಆದರೆ ಕಾಗದವು ಒತ್ತೆಯ ವಸ್ತುವಲ್ಲ.

ಫೀಸಿನ ವಿಷಯದಲ್ಲಿ ಸಂಕೋಚ ಸಲ್ಲದು. ‘ಈಗ ಏನೂ ಕೊಡಬೇಡಿ, ಬಂದುದರಲ್ಲಿ ಇಷ್ಟು ಪಾಲು ಕೊಟ್ಟರೆ ಸಾಕು’ ಎಂಬ ಮಾತು ಕೈಯಲ್ಲಿ ಕಾಸಿಲ್ಲದವನಿಗೆ ಅಮೃತದಂತೆ ಕೇಳುವುದು. ಫಲಿತಾಂಶಕ್ಕೆ ತಕ್ಕಂತೆ ಫೀಸು ಗೊತ್ತುಮಾಡುವುದನ್ನೂ, ಬಂದುದರಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಈ ನಿಷೇಧಕ್ಕೆ ಅರ್ಥವುಂಟು: ಪಾಲುಗಾರನಾದ ವಕೀಲನು ಸಲಹೆಗಾರನಾಗಿ ಉಳಿಯಲಾರನು. ಫೀಸೆಷ್ಟು, ಯಾವ ಯಾವ ಹಂತದಲ್ಲಿ ಕೊಡಬೇಕು, ನಕಲು ಮತ್ತು ಗುಮಾಸ್ತರ ಖರ್ಚು ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಮಾತನಾಡಿ, ಕೊಟ್ಟುದಕ್ಕೆ ರಸೀತಿ ಪಡೆದರೆ ಇಬ್ಬರ ಸ್ನೇಹವೂ ಉಳಿಯುವುದು. ವಕಾಲತ್ತಿನ ಕಾಗದವನ್ನು ಓದಿಸಿ ಕೇಳದೆ ಸಹಿ ಹಾಕಕೂಡದು. ಅದರೊಡನೆ ಬರಿಯ ಕಾಗದಗಳಿಗೆ ಸಹಿಯನ್ನಂತೂ ಹಾಕಲೇಕೂಡದು.

ಫೀಸು ಕೊಡಲಾರದವನು ಅಪೀಲಿನ ಆಸೆಯನ್ನೇ ಬಿಡಬೇಕೆಂದಿಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯ ಫಲವಾಗಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಬಂದಿತು. ಅದರಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಂಗವಿಕಲರಿಗೆ, ಗೊತ್ತಾದ ಮಿತಿಗಿಂತ ಕಡಮೆ ಆದಾಯದವರಿಗೆ ಮತ್ತು ಇನ್ನು ಕೆಲವರಿಗೆ ವಕೀಲರ ನೆರವು ಪುಕ್ಕಟೆಯಾಗಿ ದೊರೆಯುವುದು. ತಾಲ್ಲೂಕಿನಿಂದ ಹೈಕೋರ್ಟಿನವರೆಗೆ ಇದಕ್ಕಾಗಿ ಸಮಿತಿಗಳುಂಟು. ಜಮೀನು ವಿಧವೆಯಾದ ತಾಯಿಯ ಹೆಸರಿನಲ್ಲಿದ್ದು, ಆಕೆಯೇ ಅಪೀಲುದಾರಳಾದರೆ ಈ ಬಾಗಿಲನ್ನು ತಟ್ಟದೆ ಸಾಲ ಮಾಡುವುದು ಅನಾವಶ್ಯಕ.

ಎಷ್ಟು ಕೇಳಬೇಕೆಂಬುದೂ ವಕೀಲರೊಡನೆ ಕುಳಿತು ನಿರ್ಧರಿಸತಕ್ಕ ಸಂಗತಿ. ಪರಿಹಾರದ ಅಪೀಲಿನಲ್ಲಿ ಕರ್ನಾಟಕದ ಕೋರ್ಟು ಶುಲ್ಕವು ದೊರೆತ ಹಣಕ್ಕೂ ಕೇಳಿದ ಹಣಕ್ಕೂ ನಡುವಿನ ವ್ಯತ್ಯಾಸದ ಮೇಲೆ ಬೀಳುವುದು. ಮನಸ್ಸಿಗೆ ಬಂದಷ್ಟು ಕೇಳಿದರೆ ಶುಲ್ಕವೇ ಭಾರವಾಗುವುದು. ಶುಲ್ಕಕ್ಕೆ ಅಂಜಿ ಕಡಮೆ ಕೇಳಿದರೆ ನ್ಯಾಯವಾದ ಬೆಲೆ ಕೈತಪ್ಪೀತೆಂಬ ಭಯ. 1985ರಲ್ಲಿ ಭಾಗ್‌ಸಿಂಗರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಉಳಿದ ಶುಲ್ಕವನ್ನು ಕಟ್ಟಿಸಿಕೊಂಡು ರೈತನಿಗೆ ನ್ಯಾಯವಾದ ಹೆಚ್ಚಿನ ಪರಿಹಾರವನ್ನು ಕೊಡಬೇಕೆಂದು ಹೇಳಿ ಈ ಭಯವನ್ನು ಬಹುಮಟ್ಟಿಗೆ ತಗ್ಗಿಸಿತು. ಹಳೆಯ ಕಾಯಿದೆಯಂತೆ ಹೆಚ್ಚಿದ ಬೆಲೆಯೊಡನೆ ಶೇಕಡ 30ರ ಸಾಂತ್ವನಧನವೂ, ಮೊದಲ ವರ್ಷಕ್ಕೆ ಶೇಕಡ 9 ಮತ್ತು ಅನಂತರ ಶೇಕಡ 15ರ ಬಡ್ಡಿಯೂ ಸೇರುವುವು. ಕಾದ ಕಾಲವೆಲ್ಲ ನಷ್ಟವಲ್ಲ. ಆದರೆ ಬಡ್ಡಿ ಬೆಳೆಯುವುದು ಗೆದ್ದ ಮೊಬಲಗಿನ ಮೇಲೆ. ಆಸೆಯ ಮೊಬಲಗಿನ ಮೇಲಲ್ಲ.

ಎಲ್ಲವನ್ನೂ ಓದಿ ನೋಡಿದ ಮೇಲೆ, ‘ಇಲ್ಲಿ ಅಪೀಲಿಗೆ ತಿರುಳಿಲ್ಲ’ ಎಂದು ಹೇಳುವ ವಕೀಲರೂ ಇರುವರು. ತನ್ನ ಫೀಸನ್ನು ತಾನೇ ಬಿಟ್ಟುಕೊಟ್ಟು ಆ ಮಾತನ್ನಾಡಿದವರನ್ನು ಜನ ಅಂಜುಬುರುಕರೆನ್ನುವರು. ಅವರು ಹೇಳಿದುದು ನಿಜವೋ ಎಂದು ಇನ್ನೊಬ್ಬರಿಂದ ಓದಿಸಿ ನೋಡುವುದರಲ್ಲಿ ತಪ್ಪಿಲ್ಲ. ಇಬ್ಬರೂ ಹಾಗೆಯೇ ಹೇಳಿದರೆ ಮೂರನೆಯವರನ್ನು ಹುಡುಕುವವನು ಸಲಹೆಯನ್ನಲ್ಲ, ತನ್ನ ಆಸೆಯ ಪ್ರತಿಧ್ವನಿಯನ್ನು ಹುಡುಕುತ್ತಿರುವನು. ಸರಕಾರವೇ ಅಪೀಲು ಹೋದಾಗ ಮಾತು ಬೇರೆ: ಆಗ ರೈತನು ಸುಮ್ಮನಿರುವಂತಿಲ್ಲ, ಗೆದ್ದುದನ್ನು ಉಳಿಸಿಕೊಳ್ಳಲು ವಕೀಲರನ್ನಿಡಲೇಬೇಕು. ನೋಟೀಸು ತಲುಪಿದ ಮೇಲೆ ಒಂದು ತಿಂಗಳೊಳಗೆ ತನ್ನ ಪ್ರತ್ಯಾಕ್ಷೇಪವನ್ನೂ ಅಲ್ಲಿಯೇ ಸಲ್ಲಿಸಿ ಹೆಚ್ಚಿನದನ್ನು ಕೇಳುವ ಅವಕಾಶ ಅವನಿಗುಂಟು. ಅಪೀಲು ದಾಖಲಾದ ಮಾತ್ರಕ್ಕೆ ಡಿಕ್ರಿಯು ನಿಂತುಹೋಗುವುದಿಲ್ಲ. ಬೇರೆಯಾಗಿ ತಡೆಯಾಜ್ಞೆ ಬರಬೇಕೆಂಬುದನ್ನೂ ಅವನು ತಿಳಿದಿರಬೇಕು. ಇಬ್ಬರೂ ಒಪ್ಪಿದರೆ ಲೋಕ್ ಅದಾಲತ್ತಿನಲ್ಲಿ ಮುಗಿಸುವುದೂ ಒಂದು ದಾರಿ. ಅಲ್ಲಿ ಕಟ್ಟಿದ ಕೋರ್ಟು ಶುಲ್ಕವು ಹಿಂದಿರುಗುವುದು. ಅದರ ಮೇಲೆ ಮತ್ತೆ ಅಪೀಲಿಲ್ಲ.

ವಕೀಲರು ದಾರಿಯನ್ನು ತೋರಿಸಬಲ್ಲರು. ಹೋಗುವುದೋ ನಿಲ್ಲುವುದೋ ಎಂಬ ನಿರ್ಣಯ ಮಾತ್ರ ಕಕ್ಷಿಗಾರನದು. ಆ ನಿರ್ಣಯವನ್ನು ಕಟ್ಟೆಯ ಮೇಲೆ ಮಾಡದೆ ಮನೆಯೊಳಗೆ, ಹೆಂಗಸರ ಮಾತನ್ನೂ ಕೇಳಿ, ಖರ್ಚಿನ ಲೆಕ್ಕವನ್ನು ಬರೆದಿಟ್ಟುಕೊಂಡು ಮಾಡತಕ್ಕದ್ದು. ಬಂದ ಆರು ಪಾಲಿನಲ್ಲಿ ನೆಲಕ್ಕೆಷ್ಟು, ಮಕ್ಕಳಿಗೆಷ್ಟು ಎಂದು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಅಪೀಲು ಹೋಗುವ ಮನೆಯು ಸೋತರೂ ಕೆಡದು. ಎಲ್ಲವನ್ನೂ ಪಣಕ್ಕಿಟ್ಟು ಹೋಗುವ ಮನೆಯು ಗೆಲ್ಲುವ ಹೊತ್ತಿಗೆ ಗೆಲುವನ್ನು ಉಣ್ಣುವವರು ಯಾರಿರುವರೋ ಹೇಳಲಾಗದು. ಹೋದ ಹೊಲವನ್ನು ಈ ಅಪೀಲು ಮರಳಿ ತಾರದು. ಅದರ ನ್ಯಾಯವಾದ ಬೆಲೆಯನ್ನು ತಂದೀತು. ಅಷ್ಟನ್ನು ತರುವುದೂ ಸಣ್ಣ ಕೆಲಸವಲ್ಲ. ಅದನ್ನು ಅಷ್ಟೆಂದೇ ಹೇಳಿ, ಆ ಅಷ್ಟಕ್ಕಾಗಿ ಕಡತದ ಕೊನೆಯ ಹಾಳೆಯವರೆಗೂ ಓದುವ ವಕೀಲರು ದೊರೆತರೆ, ಕುಡತಿನಿಯಿಂದ ಧಾರವಾಡದವರೆಗಿನ ದಾರಿಯ ಖರ್ಚು ವ್ಯರ್ಥವಾಗದು.